ಹಳದಿ ಕೊಡೆಯ ಹಿಂದೆ

ಒಂಬತ್ತು ದಿನ ಒಂದು ಹಳದಿ ಕೊಡೆಯ ಹಿಂದೆ ನಡೆದೆ, ಆಸ್ಯಮ್ಮ.
ಮಳೆಯಿಲ್ಲ, ಬಿಸಿಲೂ ಅಷ್ಟಿಲ್ಲ.
ಮಡಚಿದ ಕೊಡೆ ಮೇಲೆತ್ತಿ ಮುಂದೆ ನೆರ್ಮಿನ್,
ಹಿಂದೆ ಹದಿನಾಲ್ಕು ಹೊಟ್ಟೆಗಳು:
ಪುತ್ತೂರಿನ ಹಲ್ಲಿನ ಡಾಕ್ಟರು, ಅವರ ಹೆಂಡತಿ,
ಉಪ್ಪಳದ ಚಿನ್ನದಂಗಡಿಯ ಅಣ್ಣತಮ್ಮ,
ಪಿಂಚಣಿಯ ಬಾಕಿ ಒಟ್ಟಿಗೆ ಬಂತೆಂದು ಹೊರಟ ನಾನು.

ನೀನು ಕೇಳಿದ್ದು ಒಂದೇ: ತಿಂದದ್ದೆಂತ?

ಮೊದಲು ಈ ಪೊಟ್ಟಣ ಬಿಡಿಸು.
ಕುಂಕುಮ ಅಲ್ಲ, ಮೆಣಸಿನ ಹುಡಿಯೂ ಅಲ್ಲ, ಸುಮಾಕ್.
ನಾಲಿಗೆಗೆ ಮುಟ್ಟಿಸು.
"ಪುನರ್ಪುಳಿ!" ಅಂದೆಯಲ್ಲ,
ನಾನೂ ಅದೇ ಅಂದದ್ದು, ಸಂತೆಯ ನಡುವೆ, ಜೋರಾಗಿ.
ನೆರ್ಮಿನ್ ಮೂರು ಸಲ ಹೇಳಿಸಿ ಕಲಿತಳು,
"ಪುಳಿ" ಬಂದಾಗಲೆಲ್ಲ ನಕ್ಕಳು.
ಅವರಲ್ಲಿ ಪುಲ್ ಅಂದರೆ ಸ್ಟಾಂಪಂತೆ.
ಸ್ಟಾಂಪು ನೆಕ್ಕಿಯೇ ಮೂವತ್ತೊಂದು ವರ್ಷ ಕಳೆದೆ, ಅಂದೆ,
ಇಷ್ಟು ಹುಳಿ ಇರಲಿಲ್ಲ.

ನನಗೆ ಮಾಂಸ ನಡೆಯುವುದಿಲ್ಲ, ಗೊತ್ತಲ್ಲ.
ಬೇಳೆಯ ಸಾರು ಕೊಟ್ಟರು: ನಮ್ಮ ತೊವ್ವೆಯೇ,
ಸಾಸಿವೆಯ ಬದಲು ಬೆಣ್ಣೆಯಲ್ಲಿ ಬಾಡಿದ ಪುದೀನ.
ಬದನೆಯ ಒಂದು ಅಡಿಗೆಗೆ ಹೆಸರು: ಇಮಾಮ ಮೂರ್ಛೆ ಹೋದ.
ರುಚಿಗೋ, ಸುರಿದ ಎಣ್ಣೆಯ ಲೆಕ್ಕ ಕೇಳಿಯೋ
ಅಲ್ಲಿಯವರಿಗೇ ಇನ್ನೂ ತೀರ್ಮಾನವಾಗಿಲ್ಲ.
"ನಮ್ಮ ಉಸ್ತಾದ್ ಆದರೆ ಎಣ್ಣೆಗೇ," ಅನ್ನುತ್ತೀಯ.

ಐದನೆಯ ದಿನ ಒಂದು ಹಳ್ಳಿ, ಮದುವೆ.
ಕೊಪ್ಪರಿಗೆಯಲ್ಲಿ ರಾತ್ರಿಯಿಡೀ ಬೆಂದ ಗೋಧಿ, ಮಾಂಸ.
ಡೋಲಿನ ಪೆಟ್ಟಿಗೆ ಸರಿಯಾಗಿ
ಇಬ್ಬರು ಗಂಡಸರು ಮರದ ಕೊಡತಿಯಲ್ಲಿ ಕುಟ್ಟಿದರು.
ನಾನು ತಿನ್ನಲಿಲ್ಲ. ಹಬೆ ಮಾತ್ರ ಬಂತು.
ಹಬೆಯ ತುಂಬ ನಿನ್ನ ಹಿತ್ತಿಲು, ಆಸ್ಯಮ್ಮ.
ಇಲ್ಲಿ ಅಲೀಸ ಬೇಯುವ ದಿನ ನಮ್ಮಜ್ಜಿ
ಈ ಬದಿಯ ಕಿಟಕಿ ಮುಚ್ಚುತ್ತಿದ್ದಳು,
"ತುರ್ಕರ ಮನೆಯ ವಾಸನೆ" ಎಂದು.
ತುರ್ಕರು! ಚಂದ್ರಗಿರಿ ಹೊಳೆಯನ್ನೇ
ಎರಡು ಸಲ ದಾಟಿದ್ದ ನಿನ್ನ ಉಮ್ಮ!
ಎರಡು ಲಕ್ಷ ಹತ್ತು ಸಾವಿರ ಕೊಟ್ಟೆ,
ಅದೇ ವಾಸನೆಗೆ.

"ಕಿಟಕಿಯ ವಿಷಯ ಗೊತ್ತಿತ್ತು," ನೀನು ಬಾಳೆಎಲೆ ಒರೆಸುತ್ತ ಅಂದೆ.
"ಅಲೀಸದ ಮೇಲೆ ಉದುರಿಸುವ ಸಕ್ಕರೆ ಮುಗಿದರೆ
ಉಮ್ಮ ಬರುತ್ತಿದ್ದದ್ದು ನಿಮ್ಮ ಹಿಂಬಾಗಿಲಿಗೇ.
ಅಜ್ಜಿ ಸೇರು ತುಂಬಿ ಕೊಡುತ್ತಿದ್ದರು,
ತಲೆ ತಟ್ಟದೆ."

ಕೊನೆಯ ಸಂಜೆ ಕೊಡೆಯನ್ನು ಕಂಕುಳಲ್ಲಿಟ್ಟು
ನೆರ್ಮಿನ್ ನನ್ನೊಬ್ಬಳನ್ನೇ ಕರೆದೊಯ್ದಳು,
ಮಿಠಾಯಿ ಅಂಗಡಿಯ ಹಿಂದೆ, ಗೋರಿಗಳ ನಡುವೆ.
"ಅಜ್ಜನ ಅಪ್ಪ. ರೊಟ್ಟಿ ಸುಡುವವನಾಗಿದ್ದನಂತೆ."
ಅವಳ ಭಾಷೆಯಲ್ಲೂ ‘ಅಂತೆ’ ಉಂಟು,
ಮಾತಿನ ಕೊನೆಗೆ ಅಂಟಿದ ಒಂದು ಬಾಲ.
"ಅಂತೆ, ಯಾಕೆಂದರೆ ಲಿಪಿ ಬದಲಾಯಿತು.
ನನಗೆ ಓದಲು ಬರುವುದಿಲ್ಲ."

ನಮ್ಮ ರಿಜಿಸ್ಟ್ರಾರ್ ಕಚೇರಿಯ ಗೆದ್ದಲು ಹುಡಿ
ಅಲ್ಲಿ ನನ್ನ ಮೂಗಿಗೆ ಬಂತು.
ಹಳೆಯ ಕನ್ನಡ ದಸ್ತಾವೇಜು ಹಿಡಿದು ಬರುತ್ತಿದ್ದವರು,
ಅಜ್ಜನ ರುಜುವಿನ ಮೇಲೆ ಬೆರಳಿಟ್ಟು
ಮಲಯಾಳದಲ್ಲಿ ಕೇಳುತ್ತಿದ್ದವರು:
ಇದರಲ್ಲಿ ಎಂತ ಬರೆದಿದೆ ಮೇಡಂ?
ನಾನು ಬಿಟ್ಟ ಕುರ್ಚಿಗೆ ಇನ್ನೂ ಯಾರೂ ಬಂದಿಲ್ಲ.

ಇಗೋ, ಕಲ್ಲಿನ ಫೋಟೋ. ಕನ್ನಡಕ ಹಾಕು.
ನೀನು ಮದ್ರಸದಲ್ಲಿ ಕಲಿತ ಅಕ್ಷರವೇ ಅಲ್ಲವಾ?
ಹೂಬಳ್ಳಿ ಬಿಡು, ಅಕ್ಷರ ನೋಡು.

"ಹುವಲ್ ಬಾಕೀ. ಇದು ಗೊತ್ತು, ಅವನೊಬ್ಬನೇ ಉಳಿಯುವವನು.
ಆಮೇಲಿನದ್ದು ಅರಬಿ ಅಲ್ಲ ಅಕ್ಕ, ಅರ್ಥ ಆಗುವುದಿಲ್ಲ."
ಅರ್ಥ ಬೇಡ ಮಾರಾಯ್ತಿ, ಕೂಡಿಸಿ ಓದು.
"ಅ... ಕ... ಮ... ಕ... ಜೀ."
ಇನ್ನೊಮ್ಮೆ.
"ಅಕ್‌ಮಕ್‌ಜೀ."

ಎಕ್ಮೆಕ್!
ಒಂಬತ್ತು ದಿನ, ಮೂರು ಹೊತ್ತು,
ಕೇಳದೆಯೂ ಬುಟ್ಟಿ ಬುಟ್ಟಿ ಬಂದ ಶಬ್ದ.
ರೊಟ್ಟಿ, ಆಸ್ಯಮ್ಮ, ರೊಟ್ಟಿ!

ಫೋನು ಇತ್ತ ಕೊಡು. ಅಲ್ಲಿ ಈಗ ಮಧ್ಯಾಹ್ನ,
ಬೇರೆ ಹೊಟ್ಟೆಗಳ ಮುಂದೆ ಕೊಡೆ ಎತ್ತಿರುತ್ತಾಳೆ.
ಬರೆಯುತ್ತೇನೆ:
ಸುಡುವವನೇ ಆಗಿದ್ದ.
ಬಾಲ ತೆಗೆದುಬಿಡು.